ಪಿಯಾನೊ ಕಲಿಕೆಗೆ ಮೊದಲ ವಾದ್ಯ ಯಾವುದಿರಬೇಕು

ಪಿಯಾನೊ ತರಗತಿಗೆ ಮಕ್ಕಳನ್ನು ಸೇರಿಸಲು ಬರುವ ಹೆತ್ತವರು ಮೊದಲು ವಿಚಾರಿಸುವುದು ವಾದ್ಯದ ಸಂಗತಿಯನ್ನೇ. ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ಅನೇಕ ಮನೆಗಳಲ್ಲಿ ಭಜನೆಗೆ ಬಳಸುವ ಹಾರ್ಮೋನಿಯಂ ಇರುತ್ತದೆ. ಇನ್ನು ಕೆಲವು ಮನೆಗಳಲ್ಲಿ ಗಲ್ಫಿನಲ್ಲಿರುವ ನೆಂಟರು ಊರಿಗೆ ಬರುವಾಗ ತಂದುಕೊಟ್ಟ 61 ಕೀಗಳ ಕೀಬೋರ್ಡ್ ಇರುತ್ತದೆ. "ಸದ್ಯಕ್ಕೆ ಇದರಲ್ಲೇ ಅಭ್ಯಾಸ ಮಾಡಿದರೆ ಸಾಲದೇ ಮಾಷ್ಟ್ರೇ?" ಎಂದು ಅವರು ಕೇಳುವುದು ನ್ಯಾಯವೇ ಆಗಿದೆ. ಮೊದಲ ಕೆಲವು ವಾರಗಳ ಮಟ್ಟಿಗೆ ಸಾಕು, ಅದರಾಚೆಗೆ ಸಾಲದು ಎಂಬುದು ನನ್ನ ಉತ್ತರ. ಅದಕ್ಕೆ ಕಾರಣ ಪಿಯಾನೊದ ಒಳಗಿನ ರಚನೆಯಲ್ಲಿದೆ.

ಇಟಲಿಯ ಫ್ಲಾರೆನ್ಸ್ ನಗರದಲ್ಲಿ 1700ರ ಸುಮಾರಿಗೆ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಈ ವಾದ್ಯವನ್ನು ರೂಪಿಸಿದ. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಹಾರ್ಪ್ಸಿಕಾರ್ಡ್ ಎಂಬ ಕೀಗಳ ವಾದ್ಯವು ತಂತಿಯನ್ನು ಮೀಟುತ್ತಿದ್ದುದರಿಂದ ಬೆರಳನ್ನು ಎಷ್ಟೇ ಬಲವಾಗಿ ಒತ್ತಿದರೂ ನಾದದ ಗಾತ್ರ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು. ಕ್ರಿಸ್ಟೊಫೊರಿ ಮೀಟುವುದರ ಬದಲು ಪುಟ್ಟ ಸುತ್ತಿಗೆಯಿಂದ ತಂತಿಯನ್ನು ಬಡಿಯುವ, ಬಡಿದೊಡನೆ ಸುತ್ತಿಗೆ ಹಿಂದೆ ಸರಿಯುವ ವ್ಯವಸ್ಥೆಯನ್ನು ತಂದ. ಕೀ ಕೆಳಗಿಳಿಯುವುದು ಸುಮಾರು 10 ಮಿಲಿಮೀಟರ್ ಮಾತ್ರ. ಅಷ್ಟು ಸಣ್ಣ ಅಂತರವನ್ನು ಬೆರಳು ಎಷ್ಟು ವೇಗದಲ್ಲಿ ದಾಟುತ್ತದೆ ಎಂಬುದರ ಮೇಲೆ ನಾದದ ಗಾತ್ರ ನಿಂತಿದೆ. ಪಿಯಾನೊ ನುಡಿಸಲು ಕಲಿಯುವುದೆಂದರೆ ಬಹುಪಾಲು ಆ ವೇಗವನ್ನು ಹತ್ತೂ ಬೆರಳುಗಳಲ್ಲಿ ಹತೋಟಿಗೆ ತರುವುದೇ ಆಗಿದೆ.

ಹಾರ್ಮೋನಿಯಂನಲ್ಲಿ ಈ ಸಂಗತಿಯೇ ಇಲ್ಲ. ಅಲ್ಲಿ ನಾದವನ್ನು ಏರಿಸುವುದೂ ಇಳಿಸುವುದೂ ತಿದಿಯೊತ್ತುವ ಕೈ. ಕೀ ಒತ್ತಿಹಿಡಿದು ಗಾಳಿ ಕೊಡುತ್ತಿರುವಷ್ಟು ಹೊತ್ತೂ ಸ್ವರ ನಿಲ್ಲುತ್ತದೆ; ಪಿಯಾನೊದಲ್ಲಾದರೋ ಬಡಿದ ಕ್ಷಣದಿಂದಲೇ ಸ್ವರ ಕ್ಷೀಣಿಸತೊಡಗುತ್ತದೆ. ಹಾಗಾಗಿ ಹಾರ್ಮೋನಿಯಂ ರೂಢಿಯಾದ ಮಗು ಪಿಯಾನೊಗೆ ಬಂದಾಗ ಕೀಯನ್ನು ಬಲವಾಗಿ ಅದುಮಿ ಹಿಡಿದಿರುತ್ತದೆ, ಮಣಿಕಟ್ಟು ಬಿಗಿದಿರುತ್ತದೆ, ಎಡಗೈ ಬೆರಳುಗಳಿಗೆ ಕೀಗಳ ಪರಿಚಯವೇ ಇರುವುದಿಲ್ಲ. ಆದರೆ ಅಂಥ ಮಗುವಿನ ಕಿವಿ ಸಿದ್ಧವಾಗಿರುತ್ತದೆ; ಅದು ದೊಡ್ಡ ಆಸ್ತಿ. ಯಕ್ಷಗಾನದ ಭಾಗವತಿಕೆಯನ್ನು ಕೇಳುತ್ತ ಬೆಳೆದವರಿಗೆ, ಕರ್ನಾಟಕ ಸಂಗೀತದ ಸರಳೆ ವರಸೆ ಹಾಡಿದವರಿಗೆ ಶ್ರುತಿಯೆಂದರೇನೆಂದು ವಿವರಿಸಬೇಕಾಗಿಲ್ಲ. ಪಿಯಾನೊದ ಸಿ ಮೇಜರ್ ಸ್ವರಶ್ರೇಣಿ 29ನೆಯ ಮೇಳಕರ್ತ (ಮೂಲರಾಗ) ಆದ ಧೀರಶಂಕರಾಭರಣದ ಸ್ವರಗಳೇ ಎಂದು ತಿಳಿಸಿದ ಕೂಡಲೇ ಅವರ ಮುಖ ಅರಳುತ್ತದೆ. ಅದರ ಮೂರನೆಯ ಸ್ವರವಾದ ಅಂತರ ಗಾಂಧಾರ ತುಸು ಏರಿದಂತಿದೆ ಎಂದು ಸಂಗೀತ ಬಲ್ಲ ತಾಯಂದಿರು ಹೇಳುವುದುಂಟು. ಅವರ ಕಿವಿ ಸರಿಯಾಗಿಯೇ ಇದೆ. ಪಿಯಾನೊದಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿರುವುದರಿಂದ ಆ ಸ್ವರವು ತಂಬೂರದ ನಾದದೊಳಗೆ ಕೇಳಿಬರುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್‌ನಷ್ಟು, ಎಂದರೆ ಅರ್ಧಸ್ವರದ ಏಳನೆಯ ಒಂದು ಭಾಗದಷ್ಟು ಮೇಲಿರುತ್ತದೆ. ಸ್ವರವನ್ನು ತೂಗಾಡಿಸುವ ಗಮಕಕ್ಕೂ ಅಲ್ಲಿ ಎಡೆಯಿಲ್ಲ. ಆದ್ದರಿಂದ ಆರಂಭದಲ್ಲಿಯೇ ವರ್ಣವನ್ನೋ ಕೀರ್ತನೆಯನ್ನೋ ನುಡಿಸಿ ತೋರಿಸಬೇಕೆಂದು ಮಗುವನ್ನು ಒತ್ತಾಯಿಸಬಾರದು.

61 ಕೀಗಳ ಕೀಬೋರ್ಡಿನ ತೊಂದರೆ ಬೇರೆ. ಅದರ ಕೀಗಳಡಿ ಇರುವುದು ಹಗುರವಾದ ಸ್ಪ್ರಿಂಗ್ ಅಥವಾ ರಬ್ಬರ್. ಬೆರಳಿಗೆ ಎದುರುತ್ತರವೇ ಸಿಗುವುದಿಲ್ಲ. ಅದರಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೈಗೆ ನಿಜವಾದ ಪಿಯಾನೊದ ಕೀ ಕಲ್ಲಿನಂತೆ ತೋರುತ್ತದೆ. ಗುಂಡಿಯೊತ್ತಿದರೆ ತಾಳವಾದ್ಯವೆಲ್ಲ ತಾನಾಗಿ ನುಡಿಯುವುದರಿಂದ ಮಗು ತಾನೇ ಎಣಿಸಿ ಲಯ ಕಾಯುವುದನ್ನು ಕಲಿಯದೆ ಉಳಿಯುತ್ತದೆ.

ಹಾಗಾದರೆ ತಂತಿಯ ಪಿಯಾನೊವನ್ನೇ ಕೊಳ್ಳೋಣವೇ ಎಂದು ಅನುಕೂಲಸ್ಥರು ಕೇಳುತ್ತಾರೆ. ನಮ್ಮ ಜಿಲ್ಲೆಯ ಹವೆಯನ್ನು ಬಲ್ಲ ನಾನು ಮೊದಲ ವಾದ್ಯವಾಗಿ ಅದನ್ನು ಸೂಚಿಸುವುದಿಲ್ಲ. ಅದರೊಳಗೆ ಸುಮಾರು 230 ತಂತಿಗಳಿದ್ದು, ಅವುಗಳ ಒಟ್ಟು ಎಳೆತ ಹಲವಾರು ಟನ್ನುಗಳಷ್ಟು. ಆ ಎಳೆತವನ್ನು ಎರಕದ ಕಬ್ಬಿಣದ ಚೌಕಟ್ಟು ತಡೆದುಕೊಳ್ಳುತ್ತದೆ; ನಾದವನ್ನು ಹಿಗ್ಗಿಸುವುದು ಮಾತ್ರ ಸ್ಪ್ರೂಸ್ ಮರದ ತೆಳುವಾದ ಹಲಗೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಜೂನ್ ಕಳೆಯುವಷ್ಟರಲ್ಲಿ ಆ ಹಲಗೆ ತೇವವುಂಡು ಉಬ್ಬಿ ಶ್ರುತಿ ಏರುತ್ತದೆ, ಬೇಸಗೆಯಲ್ಲಿ ಒಣಗಿ ಇಳಿಯುತ್ತದೆ. ಕೀಗಳು ಅಂಟಿಕೊಳ್ಳುತ್ತವೆ, ಕಡಲ ಬದಿಯ ಮನೆಗಳಲ್ಲಿ ತಂತಿಗೆ ತುಕ್ಕು ಹಿಡಿಯುತ್ತದೆ, ಸುತ್ತಿಗೆಯ ಉಣ್ಣೆಗೆ ನುಸಿ ಬೀಳುತ್ತದೆ. ವರ್ಷಕ್ಕೆ ಎರಡು ಬಾರಿಯಾದರೂ ಶ್ರುತಿ ಮಾಡಿಸಬೇಕು; ಆ ಕೆಲಸ ಬಲ್ಲವರು ದೂರದ ನಗರಗಳಿಂದ ಬರಬೇಕು. ಹಳೆಯ ಪಿಯಾನೊ ಅಗ್ಗಕ್ಕೆ ಸಿಗುತ್ತದೆಂದು ಯಾರಾದರೂ ಹೇಳಿದರೆ, ತಂತಿಗಳನ್ನು ಸುತ್ತಿ ಬಿಗಿಯುವ ಶ್ರುತಿಯ ಮೊಳೆಗಳು ಮರದಲ್ಲಿ ಬಿಗಿಯಾಗಿ ನಿಂತಿವೆಯೇ ಎಂದು ಬಲ್ಲವರಿಂದ ನೋಡಿಸದೆ ಮುಂಗಡ ಕೊಡಬೇಡಿ. ಮೊಳೆ ಸಡಿಲವಾದ ಪಿಯಾನೊ ಶ್ರುತಿ ಮಾಡಿದ ಕೆಲವೇ ದಿನಗಳಲ್ಲಿ ಮತ್ತೆ ಜಾರುತ್ತದೆ, ಅದರ ದುರಸ್ತಿಗೆ ಕೊಂಡ ಬೆಲೆಗಿಂತ ಹೆಚ್ಚು ತಗಲಬಹುದು.

ಉಳಿಯುವುದು ತಂತಿಯಿಲ್ಲದೆ ವಿದ್ಯುತ್ತಿನಿಂದ ನುಡಿಯುವ ಡಿಜಿಟಲ್ ಪಿಯಾನೊ. 88 ಕೀಗಳು ಇರಬೇಕು, ಅಂಗಡಿಯವರು ಹ್ಯಾಮರ್ ಆ್ಯಕ್ಷನ್ ಎನ್ನುವ ತೂಕದ ಕೀಗಳೇ ಆಗಿರಬೇಕು. ಎಡಬದಿಯ ಮಂದ್ರದ ಕೀಗಳು ಬಲಬದಿಯವಕ್ಕಿಂತ ತುಸು ಭಾರವಾಗಿರುತ್ತವೆ. ಯಮಹಾ ಪಿ-145, ಕ್ಯಾಸಿಯೊ ಸಿಡಿಪಿ-ಎಸ್110, ರೋಲ್ಯಾಂಡ್ ಎಫ್‌ಪಿ-10 ಈ ವರ್ಗದವು. ಬೆಲೆ ಹೆಚ್ಚುಕಡಿಮೆ 40ರಿಂದ 60 ಸಾವಿರ ರೂಪಾಯಿಗಳ ನಡುವೆ. ನೂರಾರು ಬಗೆಯ ಧ್ವನಿಗಳಿವೆ ಎಂಬ ವಿವರಣೆಗೆ ಕಿವಿಗೊಡಬೇಡಿ. ಕಲಿಯುವವರಿಗೆ ಬೇಕಾದದ್ದು ಒಂದು ಒಳ್ಳೆಯ ಪಿಯಾನೊ ಧ್ವನಿ. ಅಂಗಡಿಗೆ ಹೋದಾಗ ಮೊದಲು ಧ್ವನಿಯನ್ನು ಪೂರ್ತಿ ಇಳಿಸಿ ಬರಿಯ ಕೀಗಳನ್ನು ಒತ್ತಿ ನೋಡಿ: ಸಪ್ಪಳ, ಅಲುಗಾಟ, ಏರುಪೇರು ಆಗ ತಿಳಿಯುತ್ತವೆ. ಆಮೇಲೆ ಒಂದೇ ಸ್ವರವನ್ನು ಸಾಧ್ಯವಾದಷ್ಟು ಮೆಲ್ಲಗೆ ಮತ್ತೆ ಮತ್ತೆ ನುಡಿಸಿ, ನಿಮ್ಮ ಬೆರಳು ಬಯಸಿದಷ್ಟೇ ನಾದ ಬರುತ್ತದೆಯೇ ಎಂದು ಆಲಿಸಿ. ಮಂಗಳೂರಿಗೆ ಹೋಗಿಬರುವ ಶ್ರಮ ಇದಕ್ಕಾಗಿಯೇ ಸಾರ್ಥಕ. ಕೈಯಿಟ್ಟು ನೋಡದೆ ಆನ್‌ಲೈನಿನಲ್ಲಿ ತರಿಸುವುದನ್ನು ನಾನು ಒಪ್ಪುವುದಿಲ್ಲ.

ವಾದ್ಯಕ್ಕೆ ಸರಿಯಾದ ಸ್ಟ್ಯಾಂಡ್ ಕೊಳ್ಳಲು ಹಿಂಜರಿಯಬಾರದು. ಕೀಗಳ ಮೇಲ್ಮೈ ನೆಲದಿಂದ ಸುಮಾರು 72-74 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಊಟದ ಮೇಜಿನ ಮೇಲಿಟ್ಟರೆ ಅದು 85 ದಾಟುತ್ತದೆ. ಭುಜ ಎತ್ತಿ ನುಡಿಸುವ ಮಗುವಿಗೆ ಬೇಗನೆ ನೋವು ಬರುತ್ತದೆ. ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಕುಳ್ಳಿರಿಸಿ, ಕಾಲು ನೆಲ ಮುಟ್ಟದಿದ್ದರೆ ಪಾದದಡಿಗೆ ಒಂದು ಮಣೆ ಇಡಿ. ಮಳೆಯ ಎರಚಲು ಬೀಳುವ ಕಿಟಕಿಯಿಂದ ದೂರವಿಡಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಿಂಚಿನ ಹೊತ್ತಿಗೆ ಸ್ವಿಚ್ ಆರಿಸಿದರೆ ಸಾಲದು, ಅಡಾಪ್ಟರನ್ನು ಗೋಡೆಯಿಂದಲೇ ಕಿತ್ತಿಡಬೇಕು.

ಇನ್ನು ಪಾಠದ ಮಾತು. ಆರೇಳು ವರ್ಷದ ಮಗುವಿಗೆ ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ಅದು ದಿನವೂ ಆಗಬೇಕು. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂರಿಸಿದರೆ ಪ್ರಯೋಜನವಿಲ್ಲ. ಕೀಗಳ ಮೇಲೆ ಹೆಸರಿನ ಚೀಟಿ ಅಂಟಿಸಬೇಡಿ. ಕಪ್ಪು ಕೀಗಳು ಎರಡೆರಡು, ಮೂರುಮೂರಾಗಿ ಗುಂಪುಗೂಡಿರುವುದನ್ನು ಗುರುತಿಸಿದ ಮಗು ಕಣ್ಣುಮುಚ್ಚಿಯೂ ಸ್ವರವನ್ನು ಹುಡುಕಬಲ್ಲದು. ಟ್ರಿನಿಟಿ, ಎಬಿಆರ್‌ಎಸ್‌ಎಂ ಎಂಬ ಲಂಡನ್ನಿನ ಸಂಸ್ಥೆಗಳು ನಡೆಸುವ ಸಂಗೀತ ಪರೀಕ್ಷೆಗಳ ಗ್ರೇಡ್ ಹತ್ತಿಸುವ ಅವಸರವೂ ಬೇಡ. ಮೊದಲ ವರ್ಷದಲ್ಲಿ ಎರಡು ಕೈಗಳೂ ಬೇರೆ ಬೇರೆ ನಾದದ ಗಾತ್ರದಲ್ಲಿ ನುಡಿಯುವಷ್ಟಾದರೆ ಪಾಠ ಸರಿಯಾದ ದಾರಿಯಲ್ಲಿದೆ ಎಂದೇ ತಿಳಿಯಬೇಕು. ತಂತಿಯ ಪಿಯಾನೊವನ್ನು ಕೊಳ್ಳುವ ಯೋಚನೆ ಐದನೆಯ ಗ್ರೇಡಿನ ಆಸುಪಾಸಿಗೆ ಬರಲಿ. ಆ ಹೊತ್ತಿಗೆ ಡಿಜಿಟಲ್ ವಾದ್ಯ ಎಲ್ಲಿ ಸಾಲದಾಯಿತು ಎಂಬುದನ್ನು ಕಲಿಯುವವರೇ ಹೇಳಬಲ್ಲರು. ತೇವವನ್ನು ತಡೆಯುವ ಕೋಣೆಯನ್ನು ಸಿದ್ಧಪಡಿಸಿಕೊಳ್ಳಲು ಮನೆಯವರಿಗೂ ಸಮಯ ಸಿಕ್ಕಿರುತ್ತದೆ.