ಮನೆಯಲ್ಲಿ ಕೂರಲಾಗದವರ ಕೊರೊನಾ ಕಾಲ

ಅಮೆರಿಕದ ಆರೋಗ್ಯ ತಜ್ಞರನ್ನು ಬಹಳ ಕಾಲದಿಂದ ಕಾಡುವ ಒಂದು ಒಗಟಿದೆ. ಮೆಕ್ಸಿಕೊ, ಗ್ವಾಟೆಮಾಲಾ, ಎಲ್ ಸಾಲ್ವಡಾರ್ ಮುಂತಾದ ಕಡೆಯ ಮೂಲದ ಲ್ಯಾಟಿನೋ ಕುಟುಂಬಗಳ ಆದಾಯ ಅಲ್ಲಿನ ಬಿಳಿಯರಿಗಿಂತ ಕಡಿಮೆ. ಆರೋಗ್ಯ ವಿಮೆ ಇಲ್ಲದವರೂ ಇವರಲ್ಲೇ ಜಾಸ್ತಿ. ಆದರೂ ಇವರು ಬಿಳಿಯರಿಗಿಂತ ಹೆಚ್ಚು ಕಾಲ ಬದುಕುತ್ತಿದ್ದರು. 2019ರಲ್ಲಿ ಇವರ ಸರಾಸರಿ ಆಯಸ್ಸು 81.9 ವರ್ಷ, ಬಿಳಿಯರದು 78.8. ಧೂಮಪಾನ ಕಡಿಮೆ, ವಲಸೆ ಬರುವವರು ಸಾಮಾನ್ಯವಾಗಿ ಗಟ್ಟಿಮುಟ್ಟಾದವರು, ಮನೆಮಂದಿಯ ಆಸರೆ ಇದೆ ಎಂದೆಲ್ಲ ಕಾರಣ ಹೇಳುತ್ತಾರೆ.

ಕೊರೊನಾ ಬಂದ 2020ರಲ್ಲಿ ಲ್ಯಾಟಿನೋಗಳ ಆ ಆಯಸ್ಸು 77.9ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಲ್ಕು ವರ್ಷ! ಬಿಳಿಯರಲ್ಲಿ ಇಳಿಕೆ 1.4 ವರ್ಷ. ಪ್ರತಿಯೊಬ್ಬರ ಬದುಕಿನಿಂದ ನಾಲ್ಕು ವರ್ಷ ಹೋಯಿತು ಎಂದಲ್ಲ. ಆ ವರ್ಷದ ಸಾವಿನ ಪ್ರಮಾಣ ಹಾಗೇ ಮುಂದುವರಿದರೆ ಆಗ ಹುಟ್ಟಿದ ಮಗು ಎಷ್ಟು ಕಾಲ ಬದುಕೀತು ಎಂಬ ಲೆಕ್ಕ ಇದು. ಆದರೂ ಇಷ್ಟು ದೊಡ್ಡ ಕುಸಿತ ಯಾಕೆ?

ಒಂದು ಉತ್ತರ ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ ಸಿಕ್ಕಿತು. 2020ರ ಏಪ್ರಿಲ್ ಕೊನೆಯಲ್ಲಿ ಅಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯ ಮತ್ತು ಲ್ಯಾಟಿನೋ ಸಂಘಟನೆಗಳು ಕೂಡಿ ಸಾವಿರಾರು ಜನರನ್ನು ಪರೀಕ್ಷಿಸಿದವು. ಬಂದವರಲ್ಲಿ ಲ್ಯಾಟಿನೋಗಳು ಅರ್ಧಕ್ಕಿಂತ ಕಡಿಮೆ. ಪಾಸಿಟಿವ್ ಆದವರಲ್ಲಿ ಮಾತ್ರ ಶೇ. 95 ಮಂದಿ ಅವರೇ. ಸೋಂಕಿತರಲ್ಲಿ ಹತ್ತಕ್ಕೆ ಒಂಬತ್ತು ಜನರದು ಮನೆಯಿಂದ ಮಾಡಲಾಗದ ಕೆಲಸ. ಸುಮಾರು ಅರ್ಧದಷ್ಟು ಜನರಿಗೆ ಲಕ್ಷಣವೇ ಇರಲಿಲ್ಲ. ಅಂದರೆ ಸೋಂಕಿದೆ ಎಂದು ಗೊತ್ತಿಲ್ಲದೆಯೇ ಡ್ಯೂಟಿಗೆ ಹೋಗಿಬರುವ ಸ್ಥಿತಿ. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸುತ್ತಲಿನ ಊರುಗಳು ಸೇರಿದ ಅದೇ ಬೇ ಏರಿಯಾದಲ್ಲಿ ನಮ್ಮ ಕನ್ನಡದ ಸಾಫ್ಟ್‌ವೇರ್ ಮಂದಿ ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಊರು ಒಂದೇ, ವೈರಸ್ಸೂ ಒಂದೇ. ಬೇರೆ ಇದ್ದದ್ದು ಕೆಲಸ.

ಕ್ಯಾಲಿಫೋರ್ನಿಯಾದ ಸಾವುಗಳನ್ನು ಕಸುಬಿನ ಪ್ರಕಾರ ವಿಂಗಡಿಸಿದಾಗಲೂ ಇದೇ ಕಂಡಿತು. ದುಡಿಯುವ ವಯಸ್ಸಿನವರಲ್ಲಿ ಸಾವು ತೀರಾ ಏರಿದ್ದು ಅಡುಗೆಯವರಲ್ಲಿ: ಮಾಮೂಲಿಗಿಂತ ಶೇ. 60ರಷ್ಟು ಹೆಚ್ಚು. ಇಕ್ಕಟ್ಟಾದ ಅಡುಗೆಮನೆ, ಸರಿಯಾಗಿ ಗಾಳಿಯಾಡದ ಜಾಗ, ಗದ್ದಲದಲ್ಲಿ ಕೂಗಿ ಮಾತಾಡುವುದು. ವೈರಸ್ ಗಾಳಿಯಲ್ಲಿ ಹರಡಲು ಇನ್ನೇನು ಬೇಕು? ಮಾಂಸ ಕತ್ತರಿಸುವ ಕಾರ್ಖಾನೆಗಳಲ್ಲೂ ಜನ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಿದ್ದರು.

ಕೆಲಸ ಮುಗಿಸಿ ಹೋಗುವ ಮನೆಯಲ್ಲಿ ಅಜ್ಜಿ, ಮೊಮ್ಮಕ್ಕಳು, ಕೆಲವೊಮ್ಮೆ ಬಾಡಿಗೆ ಹಂಚಿಕೊಂಡ ಇನ್ನೊಂದು ಕುಟುಂಬ. ಪಾಸಿಟಿವ್ ಬಂದವರು ಬೇರೆ ಕೋಣೆಯಲ್ಲಿರಿ ಎಂಬ ಸಲಹೆ, ಬೇರೆ ಕೋಣೆ ಇದ್ದವರಿಗೆ ಮಾತ್ರ. ಆಯಸ್ಸು ಹೆಚ್ಚಿಸುತ್ತದೆ ಎಂದು ತಜ್ಞರು ಹೊಗಳಿದ್ದ ಕೂಡು ಬಾಳ್ವೆಯೇ ಸೋಂಕಿಗೆ ದಾರಿಯಾಯಿತು. ಹಾಗಂತ ಅದನ್ನೇ ದೂರುವುದು ಅನ್ಯಾಯ. ಮಕ್ಕಳ ಶಾಲೆ ಪರದೆಗೆ ಬಂದಾಗ, ಅಪ್ಪ ಅಮ್ಮ ಹೊರಗೆ ದುಡಿಯುವಾಗ, ಮಕ್ಕಳನ್ನು ನೋಡಿಕೊಂಡವರೂ ಆ ಅಜ್ಜಿಯರೇ ಅಲ್ವಾ?

ಸಾವಿನ ಆಚರಣೆಯೂ ಬದಲಾಯಿತು. ಯಾರಾದರೂ ತೀರಿಕೊಂಡರೆ ಒಂಬತ್ತು ದಿನ ನೆಂಟರಿಷ್ಟರು ಸೇರಿ ಜಪಮಾಲೆ ಹಿಡಿದು ಪ್ರಾರ್ಥಿಸುವುದು ಮೆಕ್ಸಿಕೊದವರ ರೂಢಿ. ಅದು ಫೋನಿಗೆ, ವಿಡಿಯೊ ಕಾಲ್‌ಗೆ ಬಂತು. ಹೆಣವನ್ನು ಹುಟ್ಟೂರಿಗೆ ಒಯ್ದು ಹೂಳುವ ಆಸೆಯೂ ಎಷ್ಟೋ ಜನರಿಗೆ ಕೈಗೂಡಲಿಲ್ಲ. 2020ರ ಜುಲೈಯಲ್ಲಿ ನ್ಯೂಯಾರ್ಕಿನ ಸೇಂಟ್ ಪ್ಯಾಟ್ರಿಕ್ ಚರ್ಚಿನಲ್ಲಿ ಸುಮಾರು 250 ಮೆಕ್ಸಿಕನ್ನರ ಚಿತಾಭಸ್ಮಕ್ಕೆ ಪ್ರಾರ್ಥನೆ ನಡೆಸಿ, ಅದನ್ನು ವಿಮಾನದಲ್ಲಿ ಮೆಕ್ಸಿಕೊಗೆ ಕಳಿಸಿದರು.

ಇನ್ನು ದುಡ್ಡಿನ ವಿಷಯ. 2020ರ ಏಪ್ರಿಲ್‌ನಲ್ಲಿ ಲ್ಯಾಟಿನೋಗಳಲ್ಲಿ ನಿರುದ್ಯೋಗ ಶೇ. 18.9. ಸರ್ಕಾರ ಕೊಟ್ಟ 1,200 ಡಾಲರ್ ನೆರವು ಸೋಶಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿನ ಪ್ರಜೆಗಳಿಗೂ ಕಾನೂನುಬದ್ಧವಾಗಿ ದುಡಿಯುವ ವಲಸಿಗರಿಗೂ ಸರ್ಕಾರ ಕೊಡುವ ಸಂಖ್ಯೆ) ಇಲ್ಲದವರಿಗೆ ಸಿಗಲಿಲ್ಲ. ಅವರಲ್ಲೂ ಅನೇಕರು ತೆರಿಗೆ ಕಟ್ಟುವವರೇ. ಇಷ್ಟಾದರೂ ಹೊರದೇಶಗಳಿಂದ ಮೆಕ್ಸಿಕೊದ ಮನೆಗಳಿಗೆ ಬಂದ ಹಣ ಆ ವರ್ಷ ಸುಮಾರು 4,060 ಕೋಟಿ ಡಾಲರ್, ಅದುವರೆಗಿನ ದಾಖಲೆ. ಅದರಲ್ಲಿ ಬಹುಪಾಲು ಅಮೆರಿಕದಿಂದಲೇ ಹೋದದ್ದು. ಇದು ಕುಸಿಯುತ್ತದೆ ಎಂದು ಲೆಕ್ಕ ಹಾಕಿದ್ದ ಅರ್ಥಶಾಸ್ತ್ರಜ್ಞರು ತಬ್ಬಿಬ್ಬಾದರು.

ಮಿಷನ್‌ನ ಪರೀಕ್ಷೆಯಿಂದ ಒಂದು ನೇರ ಪಾಠ ಬಂತು: ಕೂಲಿ ತಪ್ಪುವ ಭಯ ಇದ್ದವರು ಪರೀಕ್ಷೆಗೇ ಬರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತ ಪಾಸಿಟಿವ್ ಬಂದ ಇಂಥ ಕೆಲಸಗಾರರಿಗೆ ಎರಡು ವಾರದ ಕನಿಷ್ಠ ಕೂಲಿ, 1,285 ಡಾಲರ್, ಕೊಡಲು ಶುರುಮಾಡಿತು. ವಲಸೆಯ ಕಾಗದಪತ್ರ ಇದೆಯೇ ಎಂದು ಕೇಳಲಿಲ್ಲ.