ಶಟರ್ ತೆಗೆದರೆ ಸಾಕಾ? ವೆಲ್ಡಿಂಗ್ ಜನರೇಟರ್ ಒಳಗಿಟ್ಟು ಓಡಿಸುವವರಿಗೆ

ಪ್ರಶ್ನೆ: "ಸರ್, ಮಳಿ ಹತ್ತಿದಾಗ ವೆಲ್ಡಿಂಗ್ ಜನರೇಟರ್ ಶೆಡ್ಡಿನೊಳಗ ಇಟ್ಕೊಂಡು ಓಡಿಸ್ತೀವಿ. ಶಟರ್ ಪೂರಾ ತಗದಿರ್ತೈತಿ, ಫ್ಯಾನೂ ಹಚ್ಚಿರ್ತೀವಿ. ಏನೂ ಆಗಂಗಿಲ್ಲ ಅಲ್ರಿ?" (ಹಾವೇರಿ ಕಡೆಯ ಓದುಗರು)

ಆಗುತ್ತದೆ. ಜೀವವೇ ಹೋಗಬಹುದು. ಒಳಗೆ ಇಡಬೇಡಿ.

ಜೂನ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ನಿಮ್ಮ ಕಷ್ಟ ನನಗೆ ಗೊತ್ತು. ಬಿತ್ತನೆ ಹೊತ್ತಿಗೆ ಕುಂಟೆ, ಕೂರಿಗೆ, ಟ್ರೇಲರ್ ಎಲ್ಲ ಒಟ್ಟಿಗೆ ರಿಪೇರಿಗೆ ಬರುತ್ತವೆ. ಕರೆಂಟ್ ಇರಲ್ಲ, ಹೊರಗೆ ಮಳೆ. ಆದರೂ ಎಂಜಿನ್ ಒಳಗೆ ಬರಬಾರದು.

ಶಾಕ್ ಬಗ್ಗೆ ಎಲ್ಲರಿಗೂ ಭಯ ಇದೆ, ಹಾಗಾಗಿ ಅದನ್ನು ಬೇಗ ಮುಗಿಸುತ್ತೇನೆ. ಆರ್ಕ್ (ವೆಲ್ಡಿಂಗ್ ಕಿಡಿ) ಹತ್ತದಿರುವಾಗ ರಾಡ್ ಹಿಡಿಯುವ ಹೋಲ್ಡರ್‌ನಲ್ಲಿ ಸಾಮಾನ್ಯವಾಗಿ 60ರಿಂದ 80 ವೋಲ್ಟ್ ಇರುತ್ತದೆ. ಬೆವರಿದ ಮೈ, ಒದ್ದೆ ನೆಲ ಸೇರಿದರೆ ಅಷ್ಟೇ ಸಾಕು ಜೀವ ತೆಗೆಯಲು. ಒಣ ಗ್ಲೌಸ್ ಹಾಕಿಕೊಂಡೇ ರಾಡ್ ಬದಲಿಸಿ. ಕಾಲ ಕೆಳಗೆ ಒಣ ಹಲಗೆ ಇರಲಿ. ಎಂಜಿನ್ ಬಂದ್ ಮಾಡಿ, ಆರಿದ ಮೇಲೆಯೇ ಪೆಟ್ರೋಲ್ ಹಾಕಿ.

ಈಗ ಶಟರ್ ವಿಷಯ. "ಹೊಗೆ ಕಾಣ್ತಾ ಇಲ್ಲ, ವಾಸನೆ ಇಲ್ಲ, ಅಂದ್ಮೇಲೆ ಏನು ತೊಂದರೆ?" ಅನ್ನುತ್ತಾರೆ. ಕೊಲ್ಲುವುದು ಆ ಕಪ್ಪು ಹೊಗೆ ಅಲ್ಲ. ಅದರ ಜೊತೆ ಬರುವ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದೂ ಇಲ್ಲ. ಗಮನಿಸಿ: ಕಪ್ಪಗೆ ಹೊಗೆ ಬಿಡುವ ಡೀಸೆಲ್ ಎಂಜಿನ್ನಿಗಿಂತ, ಹೊಗೆಯೇ ಕಾಣದ ಪೆಟ್ರೋಲ್ ಎಂಜಿನ್ ಈ ಅನಿಲವನ್ನು ಎಷ್ಟೋ ಜಾಸ್ತಿ ಬಿಡುತ್ತದೆ. ಹಾಗಂತ ಡೀಸೆಲ್ ಎಂಜಿನ್ನನ್ನೂ ಒಳಗೆ ಇಡುವಂತಿಲ್ಲ. ಸೈಲೆನ್ಸರ್ ಸದ್ದನ್ನು ತಗ್ಗಿಸುತ್ತದೆ, ವಿಷವನ್ನಲ್ಲ.

ಇದು ಮೈಯೊಳಗೆ ಮಾಡುವ ಕೆಲಸ ಹೀಗೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ತಿರುಗಬೇಕು. ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಆಮ್ಲಜನಕಕ್ಕೆ ಜಾಗವೇ ಸಿಗಲ್ಲ.

ಶಟರ್ ತೆಗೆದರೆ ಹೊರಗೆ ಹೋಗಲ್ವಾ ಅಂತೀರಿ. ಸ್ವಲ್ಪ ಹೋಗುತ್ತದೆ. ಎಂಜಿನ್ ಬಿಡುತ್ತಲೇ ಇರುತ್ತದೆ. ಗಾಳಿ ಒಳಮುಖವಾಗಿ ಬೀಸಿದರೆ ಹೋದದ್ದೂ ವಾಪಸ್ ಬರುತ್ತದೆ. ಈ ಅನಿಲದ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಅದು ಮೇಲೇರಿ ತಗಡಿನ ಸಂದಿಯಲ್ಲಿ ತಾನಾಗಿ ಹೋಗಿಬಿಡುವುದಿಲ್ಲ, ಶೆಡ್ ತುಂಬ ಬೆರೆತುಕೊಳ್ಳುತ್ತದೆ. ಫ್ಯಾನ್ ಅದನ್ನೇ ಸುತ್ತಿಸುತ್ತದೆ. ಬಟ್ಟೆ ಮಾಸ್ಕ್ ಆಗಲಿ, ಧೂಳಿನ ಮಾಸ್ಕ್ ಆಗಲಿ ಇದನ್ನು ತಡೆಯುವುದಿಲ್ಲ.

ತಲೆನೋವು, ತಲೆಸುತ್ತು, ವಾಕರಿಕೆ ಶುರುವಾದಾಗ ನಮ್ಮವರು "ಪಿತ್ತ ಆಗಿದೆ", "ಆರ್ಕ್ ನೋಡಿ ತಲೆ ಹಿಡಿದಿದೆ" ಅಂದುಕೊಂಡು ಒಂದು ಚಹಾ ಕುಡಿದು ಮತ್ತೆ ಅಲ್ಲೇ ಕೂರುತ್ತಾರೆ. ನನಗೆ ಅತಿ ಹೆಚ್ಚು ಆತಂಕ ಹುಟ್ಟಿಸುವುದು ಇದೇ. ಕೊರೊನಾ ಕಾಲದಲ್ಲಿ ತಂದಿಟ್ಟ ಬೆರಳಿನ ಆಕ್ಸಿಮೀಟರ್ ನೋಡಿ ಧೈರ್ಯ ತಂದುಕೊಳ್ಳಬೇಡಿ. ಈ ಅನಿಲ ಹಿಡಿದ ರಕ್ತವೂ ಕೆಂಪಗೇ ಇರುವುದರಿಂದ ಆ ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. 98 ತೋರಿಸುತ್ತಿರುವಾಗಲೇ ಮನುಷ್ಯ ಕುಸಿಯಬಹುದು. ತಕ್ಷಣ ಬಯಲಿಗೆ ಕರೆತನ್ನಿ, 108ಕ್ಕೆ ಫೋನ್ ಮಾಡಿ, "ಎಂಜಿನ್ ಹೊಗೆ ಕುಡಿದಿದ್ದಾರೆ" ಎಂದು ಡಾಕ್ಟರಿಗೆ ಮೊದಲೇ ಹೇಳಿ. ಬರೀ ಗಾಳಿಯಲ್ಲಿ ಇದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕಿನಲ್ಲಿ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆ ಸಾಕು.

ಹಾಗಾದರೆ ಮಷೀನ್ ಎಲ್ಲಿಡಬೇಕು? ಬಾಗಿಲು, ಕಿಟಕಿಗಳಿಂದ ಕನಿಷ್ಠ 6 ಮೀಟರ್, ಅಂದರೆ 20 ಅಡಿ ದೂರ. ಮೇಲೆ ತಗಡು, ನಾಲ್ಕೂ ಕಡೆ ಬಯಲು. ಸೈಲೆನ್ಸರ್ ಬಾಯಿ ನಿಮ್ಮ ಶೆಡ್ಡಿನ ಕಡೆಗೂ ಬೇಡ, ಪಕ್ಕದ ಮನೆ ಕಿಟಕಿ ಕಡೆಗೂ ಬೇಡ. ಕೇಬಲ್ ಉದ್ದ ಆಗುತ್ತದೆ, ನಿಜ. ಉದ್ದ ಆದಷ್ಟೂ ದಪ್ಪದ ಕೇಬಲ್ ತೆಗೆದುಕೊಳ್ಳಿ. ತೆಳು ಕೇಬಲ್ ಬಿಸಿಯಾಗಿ ಆರ್ಕ್ ಮಂದ ಆಗುತ್ತದೆ. ಉಳಿದದ್ದನ್ನು ಸುರುಳಿ ಸುತ್ತಿ ಇಡಬೇಡಿ, ಬಿಚ್ಚಿ ಹಾಸಿ.

ನೀವು ಕೇಳಿಲ್ಲ, ಆದರೂ ಇನ್ನೊಂದು ಹೇಳಲೇಬೇಕು. ಇದೇ ಮಷೀನಿನ 230 ವೋಲ್ಟ್ ಸಾಕೆಟ್ಟಿನಿಂದ, ಎರಡೂ ತುದಿಗೆ ಪಿನ್ ಇರುವ ವೈರ್ ಹಾಕಿ ಮನೆಯ ಸಾಕೆಟ್ಟಿಗೆ ಕರೆಂಟ್ ಕೊಡುವವರಿದ್ದಾರೆ. ಆ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ತಲುಪಿದರೆ, ಅದು ಉಲ್ಟಾ ಕೆಲಸ ಮಾಡಿ 11,000 ವೋಲ್ಟಿನ ಲೈನಿಗೆ ಏರಿಸುತ್ತದೆ. ಕರೆಂಟ್ ಹೋಗಿದೆ ಎಂದು ಮಳೆಯಲ್ಲೇ ಕಂಬ ಹತ್ತಿರುವ ಹೆಸ್ಕಾಂ ಲೈನ್‌ಮನ್ ಕೈ ಆ ತಂತಿಯ ಮೇಲಿರುತ್ತದೆ. "ಮೇನ್ ಆಫ್ ಮಾಡಿರ್ತೀನಿ" ಎಂಬ ನೆನಪಿನ ಮೇಲೆ ಇನ್ನೊಬ್ಬರ ಜೀವ ಇಡಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಅದರಲ್ಲಿ ಲೈನ್ ಮತ್ತು ಜನರೇಟರ್ ಒಟ್ಟಿಗೆ ಸೇರಲು ದಾರಿಯೇ ಇರುವುದಿಲ್ಲ. ಅದನ್ನು ಹಾಕಿಸುವ ತನಕ ಜನರೇಟರ್‌ನಿಂದಲೇ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು ಲೈಟು, ಫ್ಯಾನು ನೇರವಾಗಿ ಅದಕ್ಕೇ ಚುಚ್ಚಿ.