ಜನರಲ್ ರಜಿಸ್ಟರಿನ ಸಾಲು, ಸನ್ಮಾನದ ಶಾಲು

ವಸತಿ ಕಾಲೇಜಿನಲ್ಲಿ ಓದಿದವರು ನಲವತ್ತು ವರ್ಷದ ಮೇಲೆ ಭೇಟಿಯಾದರೂ ಮೊದಲು ಕೇಳಿಕೊಳ್ಳುವುದು ರೂಮ್ ನಂಬರು. ಯಾವ ವಿಷಯ, ಎಷ್ಟು ಮಾರ್ಕ್ಸು ಎಂಬ ಮಾತು ಆಮೇಲೆ, ಎಷ್ಟೋ ಸಲ ಬರುವುದೇ ಇಲ್ಲ. ಒಂದೇ ಮೆಸ್ಸಿನಲ್ಲಿ ಮೂರು ಹೊತ್ತು ಉಂಡವರ, ಒಂದೇ ನಳದ ಮುಂದೆ ಬಕೆಟ್ ಇಟ್ಟು ಸರದಿ ಕಾದವರ ನಂಟು ಅದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಈ ನಂಟಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಆದರೂ ಇವತ್ತಿನ ಹಳೆ ವಿದ್ಯಾರ್ಥಿಗಳ ಸಮಾವೇಶಗಳಲ್ಲಿ ಶಾಲು ಹೊದೆಸಿಕೊಳ್ಳುವವರು ವರ್ಷ ವರ್ಷವೂ ಹೆಚ್ಚುಕಡಿಮೆ ಅವರೇ: ಒಬ್ಬ ಶಾಸಕರು, ಒಬ್ಬ ಹಿರಿಯ ಅಧಿಕಾರಿ, ಇಬ್ಬರು ಡಾಕ್ಟರು, ಒಬ್ಬ ಉದ್ಯಮಿ. ಉಳಿದ ಸಾವಿರಾರು ಮಂದಿ ಎಲ್ಲಿ ಹೋದರು ಎಂಬುದಕ್ಕೆ ಉತ್ತರ ಕಾಲೇಜಿನ ದಾಖಲೆ ಕೋಣೆಯಲ್ಲೇ ಇದೆ. ಅಲ್ಲಿಗೆ ಹೋಗುವ ಮೊದಲು ಈ ಪದ್ಧತಿ ಬೆಳೆದು ಬಂದ ದಾರಿಯನ್ನು ನೋಡಬೇಕು.

ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಹುಡುಗರಿಗೆ 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಶುರುವಾಗುವವರೆಗೆ ಕಾಲೇಜೆಂದರೆ ಪುಣೆ ಇಲ್ಲವೇ ಮುಂಬೈ. ಹೈಸ್ಕೂಲಿಗೂ ಹಳ್ಳಿ ಬಿಟ್ಟು ಪ್ಯಾಟಿಗೆ ಬರಬೇಕಿತ್ತು. ಫೀ ಹೇಗೋ ಹೊಂದುತ್ತಿತ್ತು, ಉಣ್ಣುವುದೆಲ್ಲಿ, ಮಲಗುವುದೆಲ್ಲಿ ಎಂಬುದೇ ದೊಡ್ಡ ಪ್ರಶ್ನೆ. ವಾರಕ್ಕೆ ಏಳು ಮನೆ ಹಿಡಿದು ಉಣ್ಣುವ ವಾರಾನ್ನ, ಮಠದ ಹುಡುಗರು ಜೋಳಿಗೆ ಹಿಡಿದು ತರುವ ಕಂತಿಭಿಕ್ಷೆ, ಇವೆರಡೇ ಆಸರೆ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗಾಗಿ ಟ್ರಸ್ಟಿಗೆ ಬರೆದಿಟ್ಟಿದ್ದರು. ಅದೇ 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. 1910ರಲ್ಲಿ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದರು. 1916ರ ನವೆಂಬರಿನಲ್ಲಿ ಬೆಳಗಾವಿಯ ಏಳು ಮಂದಿ ತರುಣರು ಕೆ.ಎಲ್.ಇ. ಸಂಸ್ಥೆ ಕಟ್ಟಿದರು. 1933ರಲ್ಲಿ ಆ ಸಂಸ್ಥೆ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರೇ ಬಂತು. ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮೀಜಿಯವರ ಪ್ರಸಾದ ನಿಲಯವೂ ಬೆಳಗಾವಿಯಲ್ಲಿ ಹಳ್ಳಿಯ ಮಕ್ಕಳಿಗೆ ಅನ್ನ ಹಾಕಿ ಓದಿಸಿತು.

ಆ ಕಾಲದಲ್ಲಿ ಹಳೆ ವಿದ್ಯಾರ್ಥಿಗಳ ಸಂಘ ಎಂಬ ಹೆಸರಿರಲಿಲ್ಲ, ಋಣ ಎಂಬ ಮಾತಿತ್ತು. ನೌಕರಿ ಹಿಡಿದವರು ಬೋರ್ಡಿಂಗಿಗೆ ಜೋಳದ ಚೀಲ ಕಳಿಸುವುದು, ತಮ್ಮೂರಿನ ಇಬ್ಬರು ಹುಡುಗರನ್ನು ತಂದು ಸೇರಿಸುವುದು, ಜಾತ್ರೆಗೆ ಬಂದಾಗ ಅಡಿಗೆಮನೆಗೆ ಹೋಗಿ ಕೈಮುಗಿದು ಬರುವುದು, ಇದೇ ಸಮಾವೇಶ. ಸನ್ಮಾನ ಮಾಡಿಸಿಕೊಳ್ಳುವುದಕ್ಕಿಂತ ಋಣ ತೀರಿಸುವುದಕ್ಕೆ ಬರುತ್ತಿದ್ದರು. ಇವತ್ತಿನ ಯಾವ ಸಂಘಕ್ಕೂ ಅದಕ್ಕಿಂತ ಗಟ್ಟಿಯಾದ ತಳಹದಿ ಸಿಗಲಾರದು.

ಎರಡನೆಯ ಎಳೆ ಸೈನಿಕ ಶಿಕ್ಷಣದ್ದು. ಬೆಳಗಾವಿಯ ಮಿಲಿಟರಿ ಶಾಲೆ 1945ರಲ್ಲಿ ಕಿಂಗ್ ಜಾರ್ಜ್ ಹೆಸರಿನಲ್ಲಿ ಶುರುವಾಯಿತು. ಅದಕ್ಕೇ ಅಲ್ಲಿ ಕಲಿತವರು ಇಂದಿಗೂ ತಮ್ಮನ್ನು ಜಾರ್ಜಿಯನ್ ಎಂದು ಕರೆದುಕೊಳ್ಳುತ್ತಾರೆ. ವಿಜಯಪುರದ ಸೈನಿಕ ಶಾಲೆ 1963ರದು, ಕಿತ್ತೂರಿನ ಹೆಣ್ಣುಮಕ್ಕಳ ಸೈನಿಕ ಶಾಲೆ 1969ರದು. ಸೈನ್ಯದ ಉಪಮುಖ್ಯಸ್ಥರಲ್ಲಿ ಒಬ್ಬರಾಗಿದ್ದ ಲೆಫ್ಟಿನೆಂಟ್ ಜನರಲ್ ರಮೇಶ ಹಲಗಲಿ ವಿಜಯಪುರದ ಶಾಲೆಯವರು. ಇಂಥ ಶಾಲೆಗಳು ಕಲಿಸಿದ ಒಂದು ಪಾಠ ಬೇರೆ ವಸತಿ ಕಾಲೇಜುಗಳಿಗೂ ಬೇಕಾದದ್ದು. ಸೇರಿದ ದಿನ ಕೊಟ್ಟ ರೋಲ್ ನಂಬರು ಕೊನೆತನಕ ಬದಲಾಗದು. ಹೆಸರು ಮರೆತರೂ ನಂಬರಿನಿಂದ ಆಳು ಸಿಗುತ್ತಾನೆ. ಸಾಮಾನ್ಯ ಕಾಲೇಜುಗಳಲ್ಲಿ ವರ್ಷ ವರ್ಷ ಹೊಸ ರೋಲ್ ನಂಬರು ಬರುತ್ತದೆ, ಹಾಗಾಗಿ ಬಿಟ್ಟು ಹೋದ ಮೇಲೆ ಹಿಡಿದುಕೊಳ್ಳಲು ದಾರವೇ ಇರುವುದಿಲ್ಲ.

ಮೂರನೆಯದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹೊತ್ತಿನ ನವೋದಯ ವಿದ್ಯಾಲಯಗಳು. ಬೆಳಗಾವಿ ಜಿಲ್ಲೆಯದು ಚಿಕ್ಕೋಡಿ ತಾಲೂಕಿನ ಕೋಥಳಿಯಲ್ಲಿದೆ, ವಿಜಯಪುರದ್ದು ಆಲಮಟ್ಟಿಯಲ್ಲಿ. ಒಂಬತ್ತನೆಯ ತರಗತಿಯಲ್ಲಿ ಒಂದಿಷ್ಟು ಮಕ್ಕಳು ಹಿಂದಿ ಸೀಮೆಯ ನವೋದಯಕ್ಕೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಒಂದೇ ವರ್ಷ ಇಲ್ಲಿ ರೊಟ್ಟಿ ಉಂಡು ಹೋದ ಆ ಹುಡುಗರನ್ನು ಯಾರ ಪಟ್ಟಿಗೆ ಸೇರಿಸಬೇಕೆಂದು ಮೊದಲೇ ತೀರ್ಮಾನಿಸದಿದ್ದರೆ ಅವರು ಎರಡೂ ಕಡೆ ಬಿಟ್ಟುಹೋಗುತ್ತಾರೆ.

ಇವತ್ತಿನ ರೂಪ ಬಂದದ್ದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯ ಮೌಲ್ಯಮಾಪನದಿಂದ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಈ ಮಂಡಳಿ 1994ರಲ್ಲಿ ಸ್ಥಾಪನೆಯಾಯಿತು. 2017ರ ಪರಿಷ್ಕೃತ ಮಾನದಂಡದಲ್ಲಿ ಒಟ್ಟು 1000 ಅಂಕಗಳ ಪೈಕಿ ಹಳೆ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೆ 10 ಅಂಕ ಇಟ್ಟರು. ನೋಂದಾಯಿತ ಸಂಘ ಇದೆಯೇ, ಐದು ವರ್ಷದಲ್ಲಿ ಅದು ಎಷ್ಟು ಹಣ ಕೊಟ್ಟಿದೆ ಎಂಬ ಪ್ರಶ್ನೆ ಬಂದ ಮೇಲೆ ಕಾಲೇಜು ಕಾಲೇಜಿನಲ್ಲೂ ಸಂಘಗಳು ಹುಟ್ಟಿದವು. ಇದರಿಂದ ಒಳ್ಳೆಯದಾಗಿದೆ, ಅದನ್ನು ಒಪ್ಪಬೇಕು. ನೋಂದಣಿ, ಬ್ಯಾಂಕ್ ಖಾತೆ, ಆಡಿಟ್ ಎಲ್ಲ ಅದರಿಂದಲೇ ಬಂದವು. ಹಾನಿಯೂ ಆಗಿದೆ. ತಂಡ ಬರುವ ವರ್ಷ ಅದ್ದೂರಿ ಸಮಾವೇಶ, ಫೋಟೊ, ಹಾಜರಿ ಸಹಿ, ವರದಿ. ಮುಂದಿನ ನಾಲ್ಕು ವರ್ಷ ಸುದ್ದಿಯೇ ಇಲ್ಲ. ಫೈಲಿಗೆ ಬೇಕಾದದ್ದು ದೊಡ್ಡ ಹುದ್ದೆಯ ಹೆಸರುಗಳು, ಹಾಗಾಗಿ ಪಟ್ಟಿ ಮೇಲಿಂದ ಕೆಳಕ್ಕೆ ಸಿದ್ಧವಾಗುತ್ತದೆ.

ಪಟ್ಟಿಯನ್ನು ಕೆಳಗಿನಿಂದ ಕಟ್ಟಬೇಕು. ಅದಕ್ಕೆ ಆಧಾರ ಜನರಲ್ ರಜಿಸ್ಟರು ಮತ್ತು ಹಾಸ್ಟೆಲ್ಲಿನ ಪ್ರವೇಶ ವಹಿ. ಹೆಸರು, ಹುಟ್ಟಿದ ದಿನ, ಊರು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲ ಅದರಲ್ಲಿರುತ್ತವೆ. ಹಳೆಯ ವಹಿಗಳ ಹೊಲಿಗೆ ಸಡಿಲಾಗಿರುತ್ತದೆ, ಅಂಚು ಮುಟ್ಟಿದರೆ ಉದುರುತ್ತದೆ. ಝೆರಾಕ್ಸ್ ಯಂತ್ರದ ಮೇಲೆ ಬೋರಲು ಹಾಕಿ ಒತ್ತಿದರೆ ಬೆನ್ನು ಮುರಿದು ಹಾಳೆ ಕಳಚುತ್ತವೆ. ಕಿಟಕಿಯ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲಿನಿಂದ ಒಂದು ಚಿತ್ರಕ್ಕೆ ಒಂದೇ ಪುಟದಂತೆ ತೆಗೆಯುವುದು ಸಾಕು. ಪುಟದ ನಂಬರು ಚಿತ್ರದೊಳಗೆ ಕಾಣಬೇಕು. ಟೈಪು ಮಾಡುವಾಗ ಒಬ್ಬರು ಓದಬೇಕು, ಇನ್ನೊಬ್ಬರು ಹೊಡೆಯಬೇಕು, ದಿನದ ಕೊನೆಗೆ ಅದಲು ಬದಲಾಗಿ ತಾಳೆ ನೋಡಬೇಕು. ಯುನಿಕೋಡ್‌ನಲ್ಲೇ ಟೈಪಿಸಬೇಕು ಎಂಬುದು ಬಹಳ ಮುಖ್ಯ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದ ಎಷ್ಟೋ ಪಟ್ಟಿಗಳು ಈಗ ಮೊಬೈಲಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ, ಹುಡುಕಿದರೆ ಹೆಸರು ಸಿಗುವುದಿಲ್ಲ. ಅಂಥವನ್ನು ಪರಿವರ್ತಕದಿಂದ ಬದಲಿಸಿದ ಮೇಲೂ ಒತ್ತಕ್ಷರ ಮತ್ತು ಅರ್ಕಾವತ್ತು ಎಡವಟ್ಟಾಗಿರುವುದನ್ನು ಕಣ್ಣಿನಿಂದಲೇ ತಿದ್ದಬೇಕಾಗುತ್ತದೆ.

ಮುಂದಿನ ತೊಡಕು ಹೆಸರಿನದು. ಈ ಭಾಗದಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ರಜಿಸ್ಟರಿನಲ್ಲಿ ಅಡ್ಡಹೆಸರು ಮುಂದೆ ಬಂದಿರುವುದೂ ಉಂಟು. ಪಾಟೀಲ, ಹಿರೇಮಠ, ದೇಸಾಯಿ, ಕುಲಕರ್ಣಿ, ಬಿರಾದಾರ ಎಂದರೆ ಒಂದೊಂದು ಬ್ಯಾಚಿನಲ್ಲೇ ನಾಲ್ಕಾರು ಮಂದಿ. ‘ಎಸ್.ಬಿ. ಪಾಟೀಲ’ ಎಂಬಷ್ಟರಿಂದ ಯಾರನ್ನೂ ಗುರುತಿಸಲಾಗದು. ಹುಟ್ಟಿದ ದಿನ ಮತ್ತು ಊರು ಎರಡೂ ಹೊಂದಿದರೆ ಮಾತ್ರ ಒಬ್ಬರೇ ಎಂದು ಬರೆದುಕೊಳ್ಳಬೇಕು. ಇದರಲ್ಲಿ ಅವಸರ ಮಾಡಿದರೆ ಒಬ್ಬರ ಸಾಧನೆ ಇನ್ನೊಬ್ಬರ ಕೊರಳಿಗೆ ಬೀಳುತ್ತದೆ, ತುಂಬಿದ ಸಭೆಯಲ್ಲಿ ಇಬ್ಬರಿಗೂ ನೋವು.

ಹೆಣ್ಣುಮಕ್ಕಳದು ಇನ್ನೂ ಕಷ್ಟ. ಮದುವೆಯಾದ ಮೇಲೆ ಅಡ್ಡಹೆಸರಿನ ಜೊತೆ ನಡುವಿನ ತಂದೆಯ ಹೆಸರೂ ಹೋಗಿ ಗಂಡನ ಹೆಸರು ಬರುತ್ತದೆ. ಕೆಲವು ಮನೆತನಗಳಲ್ಲಿ ಸ್ವಂತ ಹೆಸರೂ ಬದಲಾಗುತ್ತದೆ. ಮೂರೂ ಭಾಗ ಬದಲಾದ ಮೇಲೆ ರಜಿಸ್ಟರಿನಿಂದ ಆಕೆಯನ್ನು ಹುಡುಕುವ ದಾರಿ ಮುಚ್ಚಿಹೋಗುತ್ತದೆ. ಸಾಧಕರ ಪಟ್ಟಿಯಲ್ಲಿ ಹೆಣ್ಣುಮಕ್ಕಳು ಕಾಣದಿರುವುದಕ್ಕೆ ಅವರು ಸಾಧಿಸಲಿಲ್ಲ ಎಂಬುದು ಕಾರಣವೇ ಅಲ್ಲ, ಯಾರೂ ತವರಿನ ಹೆಸರಿನಲ್ಲಿ ಹುಡುಕಲಿಲ್ಲ ಎಂಬುದು ಕಾರಣ. ಪಟ್ಟಿಯಲ್ಲಿ ತವರಿನ ಹೆಸರು, ಈಗಿನ ಹೆಸರು ಎಂದು ಎರಡು ಕಂಬ (ಕಾಲಂ) ಇರಲಿ, ಆಹ್ವಾನ ಪತ್ರಿಕೆಯಲ್ಲೂ ಎರಡೂ ಅಚ್ಚಾಗಲಿ. ಹುಡುಕಲು ಒಳ್ಳೆಯ ದಾರಿ ರೂಮ್‌ಮೇಟ್. ಒಬ್ಬಾಕೆ ಸಿಕ್ಕರೆ ಆ ಕೋಣೆಯ ಉಳಿದ ಮೂವರ ಸುಳಿವು ಸಿಗುತ್ತದೆ.

ಊರಿನ ಕಂಬವೂ ಮೋಸ ಮಾಡುತ್ತದೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಸೇರಿದ ಜಮಖಂಡಿ, ಮುಧೋಳ, ಹುನಗುಂದ, ಬಾದಾಮಿ ಕಡೆಯ ಹುಡುಗರ ಮುಂದೆ ಹೆಚ್ಚಾಗಿ ‘ಜಿ. ಬಿಜಾಪುರ’ ಎಂದಿರುತ್ತದೆ. ಬಿಜಾಪುರ, ಬೆಳಗಾಂ ಎಂಬ ಹೆಸರುಗಳು 2014ರ ನವೆಂಬರ್ 1ರಂದು ವಿಜಯಪುರ, ಬೆಳಗಾವಿ ಆದವು. ಜಿಲ್ಲೆಯ ಹೆಸರಿನಿಂದ ವಿಂಗಡಿಸಿದರೆ ಪಟ್ಟಿ ತಪ್ಪುತ್ತದೆ, ತಾಲೂಕು ಹಿಡಿದು ವಿಂಗಡಿಸಬೇಕು. ಇದಕ್ಕಿಂತ ಮನಸ್ಸಿಗೆ ನಾಟುವುದು ಮುಳುಗಡೆಯ ಊರುಗಳ ಸಂಗತಿ. ಆಲಮಟ್ಟಿಯ ಹಿನ್ನೀರಿಗೆ ಕೃಷ್ಣಾ, ಘಟಪ್ರಭಾ ದಂಡೆಯ ಹಳ್ಳಿಗಳು, ಹಳೆ ಬಾಗಲಕೋಟೆಯ ಓಣಿಗಳು ಮುಳುಗಿದವು. ರಜಿಸ್ಟರಿನ ವಿಳಾಸಕ್ಕೆ ಹಾಕಿದ ಪತ್ರ ಮರಳಿ ಬರುತ್ತದೆ. ಆ ಊರಿನ ಹೆಸರಿನದೇ ಪುನರ್ವಸತಿ ಕೇಂದ್ರ ಎಲ್ಲಿದೆ ಎಂದು ತಿಳಿದು, ಅಲ್ಲಿಯ ಪಂಚಾಯಿತಿ ಅಥವಾ ಸೊಸೈಟಿಯ ಮೂಲಕ ಕೇಳಿದರೆ ಮನೆತನ ಸಿಗುತ್ತದೆ. ಬಾಗಲಕೋಟೆಯ ಮುಳುಗಡೆಯವರಿಗಾಗಿ ಕಟ್ಟಿದ ನವನಗರದಲ್ಲಾದರೆ ಸೆಕ್ಟರ್ ನಂಬರೇ ವಿಳಾಸ.

ವಾಟ್ಸಾಪ್ ಗುಂಪು ಬೆಳಗಿನ ಶುಭಾಶಯಕ್ಕೆ, ತುರ್ತು ರಕ್ತದಾನಕ್ಕೆ ಒಳ್ಳೆಯದು. ಅದನ್ನೇ ದಾಖಲೆ ಎಂದುಕೊಳ್ಳಬಾರದು. ಅಡ್ಮಿನ್ ಬಳಿ ಬೇರೆ ಪ್ರತಿ ಇಲ್ಲದಿದ್ದರೆ, ಫೋನ್ ಕಳೆದ ದಿನ ನಂಬರಿನ ಹಿಂದಿನ ಹೆಸರುಗಳೂ ಹೋದವು.

ಸನ್ಮಾನಕ್ಕೆ ಯಾರನ್ನು ಆರಿಸಬೇಕು ಎಂಬುದನ್ನು ಸಮಾವೇಶಕ್ಕೆ ಮೂರು ತಿಂಗಳ ಮುಂಚೆ ತೀರ್ಮಾನಿಸಬೇಕು. ಆಯ್ಕೆ ಸಮಿತಿಯಲ್ಲಿ ಒಂದೊಂದು ದಶಕದಿಂದ ಒಬ್ಬರಿರಲಿ, ಕನಿಷ್ಠ ಇಬ್ಬರು ಹೆಣ್ಣುಮಕ್ಕಳಿರಲಿ. ದೇಣಿಗೆ ಕೊಟ್ಟವರ ಪಟ್ಟಿ ಸಮಿತಿಯ ಮುಂದೆ ಬರಲೇಬಾರದು. ದಾನಿಗಳನ್ನು ಗೌರವಿಸುವುದಿದ್ದರೆ ಅದಕ್ಕೆ ಬೇರೆ ಹೊತ್ತು, ಬೇರೆ ಮಾತು. ಸಾಧನೆ ಎಂದರೇನು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಒಣ ಬೇಸಾಯದಲ್ಲಿ ಬಿಳಿಜೋಳದ ಬೀಜ ಉಳಿಸಿಕೊಂಡು ಬಂದ ರೈತ, ಮೂವತ್ತು ವರ್ಷ ಒಂದೇ ತಾಂಡಾದ ಶಾಲೆಯಲ್ಲಿ ಕಲಿಸಿದ ಶಿಕ್ಷಕಿ, ಇಳಕಲ್ಲಿನ ಮಗ್ಗ ನಿಲ್ಲಿಸದ ನೇಕಾರ, ಇವರು ಹುದ್ದೆಯ ಕಂಬದಲ್ಲಿ ಸಿಗುವುದಿಲ್ಲ. ಬ್ಯಾಚಿನವರೇ ಹೆಸರು ಕೊಡಬೇಕು. ಆಯ್ಕೆಯಾದವರ ಒಪ್ಪಿಗೆ ಪಡೆದು, ಪರಿಚಯದ ಬರಹವನ್ನು ಅವರಿಗೇ ಕಳಿಸಿ ತಿದ್ದಿಸಬೇಕು. ವೇದಿಕೆಯ ಮೇಲೆ ಆಗುವ ತಪ್ಪುಗಳು ಹೆಚ್ಚಾಗಿ ಈ ಹೆಜ್ಜೆ ಬಿಟ್ಟದ್ದರಿಂದಲೇ ಆಗುತ್ತವೆ.

ಹೊತ್ತಿನ ಲೆಕ್ಕ ಬಹಳ ಕಡೆ ಕೈಕೊಡುತ್ತದೆ. ಪರಿಚಯಕ್ಕೆ 2 ನಿಮಿಷ, ಶಾಲು, ಹಾರ, ಫೋಟೊಗೆ 2, ಅವರ ಮಾತಿಗೆ 5, ಅಂದರೆ ಒಬ್ಬರಿಗೆ 9 ನಿಮಿಷ. ಹನ್ನೆರಡು ಮಂದಿಯನ್ನು ಕೂರಿಸಿದರೆ 108 ನಿಮಿಷ ಅಲ್ಲೇ ಮುಗಿಯಿತು. ಊಟದ ಹೊತ್ತು ಮೀರಿ ಸಭೆ ಎದ್ದುಹೋಗುತ್ತದೆ, ಕೊನೆಯ ನಾಲ್ವರು ಖಾಲಿ ಕುರ್ಚಿಗಳ ಮುಂದೆ ಮಾತಾಡುತ್ತಾರೆ. ವರ್ಷಕ್ಕೆ ಆರು ಮಂದಿ ಸಾಕು, ಎಂಬತ್ತು ದಾಟಿದವರು ಮೊದಲು. ಪ್ಲಾಸ್ಟಿಕ್ ಫಲಕದ ಬದಲು ಸೇರಿದ ದಿನದ ರಜಿಸ್ಟರಿನ ಸಾಲನ್ನು ಮುದ್ರಿಸಿ ಚೌಕಟ್ಟು ಹಾಕಿ ಕೊಡಬಹುದು. ಆದರೆ ಅವರ ಸಾಲು ಮಾತ್ರ, ಜಾತಿಯ ಕಂಬ ಕತ್ತರಿಸಿ. ಅಕ್ಕಪಕ್ಕದವರ ವಿವರ ಕೊಡುವ ಹಕ್ಕು ಯಾರಿಗೂ ಇಲ್ಲ.

ಊಟ ಹಳೆ ಮೆಸ್ಸಿನಲ್ಲೇ, ಪಂಕ್ತಿಯಲ್ಲೇ ಆಗಬೇಕು. 500 ಮಂದಿಗೆ ತಲಾ ಎರಡು ಜೋಳದ ರೊಟ್ಟಿಯಂತೆ 1000 ರೊಟ್ಟಿ, ಕಿಲೋ ಹಿಟ್ಟಿಗೆ 12ರಿಂದ 14 ಬರುತ್ತವೆ, ಅಂದರೆ 72–84 ಕಿಲೋ ಹಿಟ್ಟು. ಕಟಕ ರೊಟ್ಟಿಯಾದರೆ ಮಹಿಳಾ ಸಂಘಗಳಿಗೆ ವಾರ ಮೊದಲೇ ಹೇಳಿ ಮಾಡಿಸಿಡಬಹುದು, ಮೆತ್ತನೆಯದಾದರೆ ಅಂದೇ ಬಡಿಯಬೇಕು. ಅಕ್ಕಿ 50 ಕಿಲೋ, ಗೋಧಿ ಹುಗ್ಗಿಗೆ 25 ಕಿಲೋ ಗೋಧಿ, ಹೆಚ್ಚುಕಡಿಮೆ ಅಷ್ಟೇ ಬೆಲ್ಲ. ದಿನ ಆರಿಸುವಾಗ ಜೋಳದ ಸುಗ್ಗಿ ಮತ್ತು ಕಬ್ಬು ಕಡಿಯುವ ಹೊತ್ತು ನೋಡದಿದ್ದರೆ ರೈತರಾದ ಹಳೆ ವಿದ್ಯಾರ್ಥಿಗಳು ಬರುವುದಿಲ್ಲ.

ಸಂಘದ ನೋಂದಣಿ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಕೆಳಗೆ ಆಗುತ್ತದೆ, ಕನಿಷ್ಠ ಏಳು ಮಂದಿ ಬೇಕು. ಪ್ರತಿವರ್ಷ ಸರ್ವಸಾಧಾರಣ ಸಭೆ ನಡೆಸಿ ಲೆಕ್ಕಪತ್ರ ಹಾಗೂ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಲ್ಲಿಸದೆ ವರ್ಷಗಟ್ಟಲೆ ಬಿಟ್ಟು, ಬ್ಯಾಂಕಿನವರು ಕೇಳಿದಾಗ ಓಡಾಡುವುದು ಎಲ್ಲ ಕಡೆಯ ಪಾಡು. ವಿದೇಶದ ದೇಣಿಗೆಯಲ್ಲಿ ಇನ್ನೂ ಎಚ್ಚರ ಬೇಕು. ಹೊರದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವುದು ವಿದೇಶಿ ವಂತಿಗೆ ಎನಿಸದು. ಅಮೆರಿಕದ ಪೌರತ್ವ ಪಡೆದ ಅದೇ ಬ್ಯಾಚಿನ ಗೆಳೆಯ ಕೊಟ್ಟರೆ ಅದು ವಿದೇಶಿ ವಂತಿಗೆ, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ (ಎಫ್.ಸಿ.ಆರ್.ಎ.) ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ತೆರಿಗೆ ವಿನಾಯಿತಿ ಬಯಸುವವರಿಂದ 2000 ರೂಪಾಯಿ ಮೀರಿದ ನಗದು ಪಡೆಯಬಾರದು, ಅವರಿಗೆ ವಿನಾಯಿತಿ ಸಿಗುವುದಿಲ್ಲ.

ನಿಯಮಾವಳಿಯಲ್ಲಿ ಸದಸ್ಯರು ಯಾರು ಎಂಬ ಕಲಮು ಬರೆಯುವಾಗ ‘ಪದವಿ ಮುಗಿಸಿದವರು’ ಎಂಬ ಮಾತು ರೂಢಿಯಿಂದ ಬಂದುಬಿಡುತ್ತದೆ. ಅದನ್ನು ಬದಲಿಸಬೇಕು. ರಜಿಸ್ಟರಿನ ಕೊನೆಯ ಕಂಬ, ಬಿಟ್ಟ ಕಾರಣ, ಓದಿ ನೋಡಿದರೆ ಏಕೆಂದು ತಿಳಿಯುತ್ತದೆ. ಮಳೆ ಕೈಕೊಟ್ಟ ವರ್ಷ, ತಂದೆ ತೀರಿಕೊಂಡ ವರ್ಷ, ಮದುವೆ ಗೊತ್ತಾದ ವರ್ಷ ನಡುವೆಯೇ ಟ್ರಂಕು ಹೊತ್ತು ಹೋದವರೂ ಇದೇ ಮೆಸ್ಸಿನಲ್ಲಿ ಉಂಡವರು. ‘ಈ ನಿಲಯದಲ್ಲಿ ಒಂದು ಶೈಕ್ಷಣಿಕ ವರ್ಷ ವಾಸವಿದ್ದವರೆಲ್ಲರೂ’ ಎಂದು ಬರೆದರೆ ಅವರೂ ಒಳಗೆ ಬರುತ್ತಾರೆ, ನವೋದಯದ ಆ ಒಂದು ವರ್ಷದ ಹುಡುಗರೂ ಬರುತ್ತಾರೆ. ಪಕ್ಕದಲ್ಲೇ ಇನ್ನೊಂದು ಉಪಕಲಮು ಹಾಕಿ ಅಡಿಗೆಯವರನ್ನು, ನಿಲಯ ನೋಡಿಕೊಂಡ ರೆಕ್ಟರರನ್ನು, ರಾತ್ರಿಯ ಕಾವಲುಗಾರರನ್ನು ಗೌರವ ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಕಾನೂನಿನ ಅಡ್ಡಿ ಏನೂ ಇಲ್ಲ.